ಹ್ಯಾಂಡ್ ಎಂಬುದು ಬರಿಯ ಕೈಯಲ್ಲ

ಇಂಗ್ಲಿಷು ಕಲಿಯಲು ಕುಳಿತ ಮಗುವಿಗೆ ಮೊದಲ ವಾರದಲ್ಲಿಯೇ ಪರಿಚಯವಾಗುವ ಮಾತುಗಳಲ್ಲಿ ‘ಹ್ಯಾಂಡ್’ ಎಂಬುದೂ ಒಂದು. ಚಿತ್ರಪುಸ್ತಕದಲ್ಲಿ ಐದು ಬೆರಳುಗಳನ್ನು ಚಾಚಿದ ಕೈಯ ಚಿತ್ರವಿರುತ್ತದೆ. ಅದರ ಕೆಳಗೆ ನಾಲ್ಕು ಅಕ್ಷರಗಳು. ‘ಹ್ಯಾಂಡ್ ಎಂದರೆ ಕೈ’ ಎಂದು ತಾಯಿ ಹೇಳಿಕೊಡುತ್ತಾಳೆ, ಮಗು ಒಪ್ಪಿಕೊಳ್ಳುತ್ತದೆ. ಮುಂದೆ ಅದೇ ಮಗು ಬೆಳೆದು, ಕಾಲೇಜು ಮುಗಿಸಿ, ಕಚೇರಿ ಸೇರಿ, ದಿನಕ್ಕೆ ಹತ್ತು ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯುವಂತಾದಾಗಲೂ ಆ ಮೊದಲ ಪಾಠವನ್ನು ಸಂಶಯಿಸುವುದಿಲ್ಲ. ಆದರೆ ಆ ಪಾಠದಲ್ಲಿರುವುದು ಅರ್ಧ ಸತ್ಯ ಮಾತ್ರ. ಉಳಿದರ್ಧದಲ್ಲಿ ಹಡಗುಗಳಿವೆ, ಕುದುರೆಗಳಿವೆ, ನ್ಯಾಯಾಲಯಗಳಿವೆ, ಕೂಲಿಕಾರರ ಕಣ್ಣೀರಿದೆ. ಎಚ್ಚರದಪ್ಪಿದ ಭಾಷಾಂತರಕಾರನನ್ನು ಕೆಡವಲೆಂದೇ ತೋಡಿಟ್ಟಂತಿರುವ ಕೆಲವು ಹಳ್ಳಗಳೂ ಇವೆ.

ಮೊದಲನೆಯದಾಗಿ, ಈ ಎರಡು ಪದಗಳ ಗಡಿಯೇ ಒಂದಲ್ಲ. ಕನ್ನಡದ ಕೈ ಹೆಗಲಿನಿಂದ ಹೊರಟು ಬೆರಳ ತುದಿಯವರೆಗೆ ಸಾಗುತ್ತದೆ. ಮೊಣಕೈ, ಮುಂಗೈ, ಅಂಗೈ ಎಲ್ಲವೂ ಆ ಒಂದೇ ಸೀಮೆಯ ಊರುಗಳು. ಇಂಗ್ಲಿಷಿನ ಹ್ಯಾಂಡ್ ಆದರೋ ಮಣಿಕಟ್ಟಿನಲ್ಲಿಯೇ ಮುಗಿದುಹೋಗುತ್ತದೆ. ಅಲ್ಲಿಂದ ಮೇಲಿನದು ‘ಆರ್ಮ್’. ಆದಕಾರಣ ಜಾರಿಬಿದ್ದು ‘ಕೈ ಮುರಿದುಕೊಂಡ’ ಹುಡುಗನ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವ ತಂದೆ ತುಸು ಯೋಚಿಸಬೇಕು. ಮೊಣಕೈಯ ಬಳಿ ಎಲುಬು ಮುರಿದಿದ್ದರೆ ಅದು ಹ್ಯಾಂಡ್ ಅಲ್ಲ. ಮಣಿಕಟ್ಟಿನ ಸಣ್ಣ ಎಲುಬುಗಳು 8, ಅಂಗೈಯವು 5, ಬೆರಳುಗಳವು 14, ಒಟ್ಟು 27 ಎಲುಬುಗಳು ಮಾತ್ರ ವೈದ್ಯಶಾಸ್ತ್ರದ ಲೆಕ್ಕದಲ್ಲಿ ಹ್ಯಾಂಡ್‌ಗೆ ಸೇರಿದವು. ವಿಮೆಯ ಅರ್ಜಿಯಲ್ಲಿ ಒಂದು, ಆಸ್ಪತ್ರೆಯ ಪತ್ರದಲ್ಲಿ ಇನ್ನೊಂದು ಬರೆದಿದ್ದರೆ, ಕನ್ನಡದ ಕಿವಿಗೆ ಎರಡೂ ಒಂದೇ ಎನಿಸಿದರೂ, ಅರ್ಜಿ ನೋಡುವ ಗುಮಾಸ್ತನಿಗೆ ಹಾಗೆನಿಸಬೇಕೆಂಬ ನಿಯಮವೇನೂ ಇಲ್ಲ. ಕಾಲಿನ ಕಥೆಯೂ ಇದೇ. ಅಲ್ಲಿ ಕನ್ನಡದ ಒಂದು ಕಾಲಿಗೆ ಇಂಗ್ಲಿಷಿನಲ್ಲಿ ಎರಡು ಹೆಸರುಗಳು.

ಈ ಗಡಿತಂಟೆಯ ಅತ್ಯಂತ ಚೆಲುವಾದ ಕುರುಹು ಬಟ್ಟೆಯಂಗಡಿಯಲ್ಲಿ ಸಿಗುತ್ತದೆ. ‘ಫುಲ್ ಹ್ಯಾಂಡ್ ಶರ್ಟು’, ‘ಹಾಫ್ ಹ್ಯಾಂಡ್ ಶರ್ಟು’ ಎಂಬ ಮಾತುಗಳನ್ನು ದಕ್ಷಿಣ ಭಾರತದಲ್ಲಿ ಯಾರು ಕೇಳಿಲ್ಲ? ಇಂಗ್ಲೆಂಡಿನ ದರ್ಜಿಗೆ ಹೀಗೆಂದರೆ ಅವನು ಕಕ್ಕಾಬಿಕ್ಕಿಯಾದಾನು. ಅವನ ಭಾಷೆಯಲ್ಲಿ ಅಂಗಿಗಿರುವುದು ‘ಸ್ಲೀವ್’, ಹ್ಯಾಂಡ್ ಅಲ್ಲ. ಅರ್ಧ ಹ್ಯಾಂಡ್‌ನ ಅಂಗಿ ಎಂದರೆ ಅರ್ಧ ಅಂಗೈಯನ್ನು ಮುಚ್ಚುವ ಯಾವುದೋ ಹೊಸ ಬಗೆಯ ಉಡುಪೆಂದು ಅವನು ಊಹಿಸಬೇಕಾಗುತ್ತದೆ. ಮಾತು ಇಂಗ್ಲಿಷಿನದು, ಕೈ ಮಾತ್ರ ನಮ್ಮದು.

ಈ ಪದದ ವಂಶಾವಳಿ ಹೆಚ್ಚು ದೂರ ಹೋಗುವುದಿಲ್ಲ. ಜರ್ಮನ್, ಡಚ್ ಭಾಷೆಗಳಲ್ಲಿ ಇದೇ ರೂಪವಿದೆ. ಪುರಾತನ ಗಾಥಿಕ್ ಭಾಷೆಯಲ್ಲಿ ‘ಹಂದುಸ್’ ಎಂದಿತ್ತು. ಅಲ್ಲಿಂದ ಹಿಂದಕ್ಕೆ ದಾರಿ ಮಸುಕು. ಸಂಸ್ಕೃತದ ‘ಹಸ್ತ’ವೇ ಹ್ಯಾಂಡ್ ಆಯಿತೆಂದು ಹೇಳುವ ಉತ್ಸಾಹಿಗಳುಂಟು, ಎರಡೂ ಹಕಾರದಿಂದ ಮೊದಲಾಗುವುದು ಅವರಿಗೆ ಸಾಕು. ಆದರೆ ಭಾಷಾಶಾಸ್ತ್ರಕ್ಕೆ ಸಾಲದು. ಇಂಗ್ಲಿಷಿನ ‘ಹಂಡ್ರೆಡ್’ಗೆ ಸಂಸ್ಕೃತದಲ್ಲಿ ಎದುರಾಗುವುದು ‘ಶತ’. ಅಂದರೆ ಆ ಮನೆಯ ಹಕಾರಕ್ಕೆ ಈ ಮನೆಯಲ್ಲಿ ಹಕಾರ ಸಲ್ಲುವುದಿಲ್ಲ. ಹಸ್ತದ ನಿಜವಾದ ನೆಂಟ ಪಾರಸಿಯ ‘ದಸ್ತ್’. ಆ ನೆಂಟನು ಹಳೆಯ ಸರ್ಕಾರಿ ಕಾಗದಗಳೊಡನೆ ಕನ್ನಡಕ್ಕೆ ಬಂದು ದಸ್ತಗಿರಿ, ದಸ್ತಾವೇಜು, ದಸ್ಕತ್ತು ಎಂದು ಮೂರು ಕಡೆ ಕುಳಿತಿರುವುದನ್ನು ವಾಚಕರು ಬಲ್ಲರು. ಅವುಗಳ ಪ್ರಸ್ತಾಪ ಮುಂದೆ ಬರುತ್ತದೆ.

ಮನುಷ್ಯನೇ ಕೈಯಾದಾಗ

ಇಂಗ್ಲಿಷರು ಕಡಲಿನ ಜನ. ಹಗ್ಗ ಎಳೆಯುವ, ಹಾಯಿ ಬಿಚ್ಚುವ, ನೀರು ಎತ್ತಿಹಾಕುವ ಹಡಗಿನ ಕೆಲಸದಲ್ಲಿ ನಾಯಕನ ಕಣ್ಣಿಗೆ ಬೇಕಾದದ್ದು ಎಷ್ಟು ಜನ ಎಂಬುದಲ್ಲ, ಎಷ್ಟು ಕೈ ಎಂಬುದು. ಹೀಗೆ ನಾವಿಕನೊಬ್ಬನಿಗೆ ‘ಹ್ಯಾಂಡ್’ ಎಂಬ ಹೆಸರೇ ಬಂತು. ಎಲ್ಲರೂ ಮೇಲಕ್ಕೆ ಬನ್ನಿರೆಂಬ ಆಜ್ಞೆ ‘ಆಲ್ ಹ್ಯಾಂಡ್ಸ್ ಆನ್ ಡೆಕ್’ ಎಂದಾಯಿತು. ಹಡಗು ಮುಳುಗಿ ಒಬ್ಬರೂ ಉಳಿಯದೆ ಹೋದರೆ ‘ಲಾಸ್ಟ್ ವಿತ್ ಆಲ್ ಹ್ಯಾಂಡ್ಸ್’ ಎಂದು ಬರೆಯುತ್ತಾರೆ. 1963ರ ಏಪ್ರಿಲ್ 10ರಂದು ಅಮೆರಿಕದ ‘ಥ್ರೆಷರ್’ ಎಂಬ ಜಲಾಂತರ್ಗಾಮಿ ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ, ಅದರಲ್ಲಿದ್ದ 129 ಮಂದಿಯೂ ಮಡಿದರು. ಅಂತಹ ದುರಂತವನ್ನು ಇಂಗ್ಲಿಷು ಹೇಳುವುದು ಈ ನಾಲ್ಕು ಮಾತುಗಳಲ್ಲಿಯೇ. ನಡುರಾತ್ರಿಯಲ್ಲಿ ತಂತಿಸುದ್ದಿಯನ್ನು ಕನ್ನಡಿಸುವ ಉಪಸಂಪಾದಕನು ನಿದ್ದೆಗಣ್ಣಿನಲ್ಲಿ ಅದನ್ನು ‘ಎಲ್ಲ ಕೈಗಳೂ ನಷ್ಟವಾದವು’ ಎಂದು ಬರೆದನೆಂದರೆ, ನೂರಾರು ಮನೆಗಳ ದುಃಖವು ಬೆಳಗಾಗುವಷ್ಟರಲ್ಲಿ ನಗೆಪಾಟಲಾಗಿಬಿಡುತ್ತದೆ.

ಕಡಲಿನಿಂದ ಈ ಮಾತು ಹೊಲಕ್ಕೆ ಬಂತು, ಹೊಲದಿಂದ ಗಿರಣಿಗೆ ಹೋಯಿತು. ಗಿರಣಿಯಲ್ಲಿ ಅದರ ಬಣ್ಣವೇ ಬೇರೆಯಾಯಿತು. ಹಡಗಿನ ನಾಯಕನೂ ನಾವಿಕನೂ ಒಂದೇ ಬಿರುಗಾಳಿಯಲ್ಲಿ ಮುಳುಗುವವರು. ಅಲ್ಲಿ ‘ಹ್ಯಾಂಡ್’ ಎನ್ನುವುದರಲ್ಲಿ ಒಂದು ಬಗೆಯ ಒಡನಾಟವಿತ್ತು. ಗಿರಣಿಯ ಯಜಮಾನನಾದರೋ ಕೂಲಿಕಾರರನ್ನು ‘ಹ್ಯಾಂಡ್ಸ್’ ಎಂದು ಲೆಕ್ಕ ಹಾಕಿದಾಗ, ಆ ಕೈಗಳ ಹಿಂದೆ ಒಂದು ಹೊಟ್ಟೆಯಿದೆ, ಒಂದು ಮುಖವಿದೆ, ಮನೆಯಲ್ಲಿ ಕೆಮ್ಮುವ ಒಂದು ಮಗುವಿದೆ ಎಂಬುದನ್ನು ಲೆಕ್ಕದಿಂದ ಬಿಟ್ಟುಬಿಟ್ಟನು. ಇದನ್ನು ಮೊದಲು ಗಟ್ಟಿಯಾಗಿ ಎತ್ತಿ ಹೇಳಿದವರಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬನು. ಅವನ ‘ಹಾರ್ಡ್ ಟೈಮ್ಸ್’ ಕಾದಂಬರಿ 1854ರಲ್ಲಿ ಅವನದೇ ವಾರಪತ್ರಿಕೆಯಾದ ‘ಹೌಸ್‌ಹೋಲ್ಡ್ ವರ್ಡ್ಸ್’ನಲ್ಲಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂತು. ಅದರಲ್ಲಿ ಕೋಕ್‌ಟೌನ್ ಎಂಬ ಹೊಗೆ ಕವಿದ ಗಿರಣಿಯೂರು. ಅಲ್ಲಿನ ಶ್ರಮಿಕರನ್ನೆಲ್ಲ ಒಟ್ಟಾಗಿ ಕರೆಯುವ ಹೆಸರು ‘ಹ್ಯಾಂಡ್ಸ್’. ದೇವರು ಇವರನ್ನು ಬರಿಯ ಕೈಗಳನ್ನಾಗಿಯೇ ಸೃಷ್ಟಿಸಿದ್ದರೆ, ಇಲ್ಲವೆ ಕಡಲತಡಿಯ ಕ್ಷುದ್ರಜೀವಿಗಳಂತೆ ಕೈ ಮತ್ತು ಹೊಟ್ಟೆ ಮಾತ್ರ ಕೊಟ್ಟಿದ್ದರೆ, ಕೆಲವರಿಗೆ ಇನ್ನೂ ಮೆಚ್ಚುಗೆಯಾಗುತ್ತಿತ್ತೆಂದು ಡಿಕನ್ಸ್ ಅಲ್ಲಿ ಚುಚ್ಚುತ್ತಾನೆ. ಸ್ಟೀಫನ್ ಬ್ಲ್ಯಾಕ್‌ಪೂಲ್ ಎಂಬ ನೇಕಾರನ ಪಾತ್ರವನ್ನು ಓದಿದ ಮೇಲೆ ‘ಹ್ಯಾಂಡ್ಸ್ ವಾಂಟೆಡ್’ ಎಂಬ ಫಲಕವನ್ನು ಮೊದಲಿನ ಕಣ್ಣಿನಿಂದ ಓದುವುದು ಕಷ್ಟ.

ಕನ್ನಡ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಕೆಲಸಗಾರನು ನಮಗೆ ‘ಆಳು’. ಆ ಮಾತಿಗೆ ಮನುಷ್ಯನೆಂಬ ಅರ್ಥವೂ ಇದೆ. ಆಳನ್ನು ಆಳೆಂದೇ ದುಡಿಸಿಕೊಂಡವರು ಇಲ್ಲಿಯೂ ಕಡಮೆಯಿಲ್ಲವಾದುದರಿಂದ ಇದರ ಮೇಲೆ ಹೆಮ್ಮೆ ಪಡಬೇಕಾದ ಕಾರಣವೇನೂ ಕಾಣದು. ಆದರೆ ಅನುಭವಸ್ಥನನ್ನು ಕುರಿತ ಮಾತಿನಲ್ಲಿ ಎರಡು ಭಾಷೆಗಳೂ ಒಂದೇ ಜಾಡಿನಲ್ಲಿ ಕೂಡುತ್ತವೆ: ಅವರ ‘ಓಲ್ಡ್ ಹ್ಯಾಂಡ್’ ನಮ್ಮ ‘ಪಳಗಿದ ಕೈ’. ‘ಅಪ್ಪರ್ ಹ್ಯಾಂಡ್’ ನಮ್ಮಲ್ಲಿ ‘ಮೇಲುಗೈ’. ಇಂತಹ ಕಡೆಗಳಲ್ಲಿ ಭಾಷಾಂತರಕಾರನು ಕಣ್ಣು ಮುಚ್ಚಿ ನಡೆಯಬಹುದು. ಇದರಿಂದಲೇ ಅವನು ಉಳಿದ ಕಡೆಗಳಲ್ಲಿಯೂ ಕಣ್ಣು ಮುಚ್ಚುತ್ತಾನೆ.

ಕೈಬರಹ, ಕೈಗಡ, ಕೈಗುರುತು

ನ್ಯಾಯಾಲಯದಿಂದ ಸಮನ್ಸ್ ಬಂದ ಮನೆಯಲ್ಲಿ ಆ ಕಾಗದವನ್ನು ಪೂರ್ತಿ ಓದುವಷ್ಟು ಸಮಾಧಾನ ಯಾರಿಗೂ ಇರುವುದಿಲ್ಲ. ಓದಿದರೆ ಅದರ ಕೊನೆಯಲ್ಲಿ, ‘ನನ್ನ ಹ್ಯಾಂಡ್ ಮತ್ತು ನ್ಯಾಯಾಲಯದ ಮುದ್ರೆಯ ಅಡಿಯಲ್ಲಿ ಕೊಡಲ್ಪಟ್ಟಿದೆ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಕಾಣುತ್ತದೆ. ಇಲ್ಲಿ ಹ್ಯಾಂಡ್ ಎಂದರೆ ಸಹಿ. ನಮ್ಮ ಹಳೆಯ ಮಾತಾದ ‘ದಸ್ಕತ್ತು’ ಕೂಡ ಇದನ್ನೇ ಹೇಳುತ್ತದೆ. ಪಾರಸಿಯಲ್ಲಿ ದಸ್ತ್ ಎಂದರೆ ಕೈ, ಖತ್ ಎಂದರೆ ಬರಹ. ಲಂಡನ್ನಿನ ವಕೀಲನೂ ನಮ್ಮ ಶಾನುಭೋಗನೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಮಾತನ್ನು ಆಡುತ್ತಿದ್ದರು.

ಬರಹದ ಬಗೆಗೂ ಇಂಗ್ಲಿಷಿನಲ್ಲಿ ಹ್ಯಾಂಡ್ ಎಂದೇ ಹೆಸರು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ‘ಕೋರ್ಟ್ ಹ್ಯಾಂಡ್’ ಎಂಬ ಒಂದು ವಿಚಿತ್ರವಾದ ಲಿಪಿಶೈಲಿ ಶತಮಾನಗಳ ಕಾಲ ನಡೆದುಬಂದಿತ್ತು. ಲ್ಯಾಟಿನ್ ಭಾಷೆ, ಅದರ ಮೇಲೆ ಮಾತುಗಳ ಸಂಕ್ಷೇಪ, ಅದರ ಮೇಲೆ ಈ ಸುರುಳಿ ಸುರುಳಿಯಾದ ಅಕ್ಷರ. ಕಕ್ಷಿಗಾರನು ತಾನು ಗೆದ್ದನೋ ಸೋತನೋ ಎಂಬುದನ್ನು ತನ್ನ ವಕೀಲನನ್ನೇ ಕೇಳಿ ತಿಳಿಯಬೇಕಾಗಿತ್ತು. 1731ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ, 1733ರ ಮಾರ್ಚ್ 25ರಿಂದ ನ್ಯಾಯಾಲಯದ ದಾಖಲೆಗಳೆಲ್ಲವೂ ಇಂಗ್ಲಿಷಿನಲ್ಲಿ, ಎಲ್ಲರೂ ಓದಬಹುದಾದ ಸಾಮಾನ್ಯ ಕೈಬರಹದಲ್ಲಿ, ಮಾತುಗಳನ್ನು ಮೊಟಕು ಮಾಡದೆ ಇರತಕ್ಕದ್ದೆಂದು ವಿಧಿಸಿತು. ಜನರ ಭಾಷೆಯಲ್ಲಿ ನ್ಯಾಯ ಸಿಗಬೇಕೆಂದು ಕೇಳುವವರಿಗೆ ಇಂದು ಇಂಗ್ಲಿಷೇ ಅಡ್ಡವಾಗಿ ನಿಂತಿರುವ ದೇಶದಲ್ಲಿ, ಆ ಇಂಗ್ಲಿಷಿಗೂ ಒಂದು ಕಾಲದಲ್ಲಿ ಇದೇ ಕಷ್ಟವಿತ್ತೆಂಬುದು ತಿಳಿದಿರುವುದು ಒಳ್ಳೆಯದು.

ಅದೇ ಕಾನೂನಿನ ಪ್ರಪಂಚದಲ್ಲಿ ‘ನೋಟ್ ಆಫ್ ಹ್ಯಾಂಡ್’ ಎಂಬ ಇನ್ನೊಂದು ಮಾತಿದೆ. ಇದು ಪ್ರಾಮಿಸರಿ ನೋಟಿಗೆ, ಎಂದರೆ ‘ಇಂಥವರಿಗೆ ಇಷ್ಟು ಹಣ ಕೊಡುತ್ತೇನೆ’ ಎಂದು ಸಾಲಗಾರನು ಬರೆದು ಸಹಿ ಮಾಡಿದ ಪತ್ರಕ್ಕೆ ಹೆಸರು. ಈಗ ಇದರ ಪಕ್ಕದಲ್ಲಿ ನಮ್ಮ ‘ಕೈಗಡ’ವನ್ನು ಇಟ್ಟು ನೋಡಬೇಕು. ಕೈಗಡವೆಂದರೆ ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಅನೇಕ ವೇಳೆ ಬಡ್ಡಿಯೂ ಇಲ್ಲದೆ, ನಂಬಿಕೆಯ ಮೇಲೆ ಕೈಯಿಂದ ಕೈಗೆ ಹೋದ ಹಣ. ಎರಡು ಮಾತುಗಳಲ್ಲಿಯೂ ಕೈಯಿದೆ. ಆದರೆ ಇಂಗ್ಲಿಷಿನ ಕೈ ಸಹಿ ಮಾಡುತ್ತದೆ, ಕನ್ನಡದ ಕೈ ಸಹಿಯನ್ನು ಕೇಳಲು ನಾಚಿಕೊಳ್ಳುತ್ತದೆ. ಈ ಕೈಗಡವನ್ನೇ ನಮ್ಮವರು ಇಂಗ್ಲಿಷಿಗೆ ತಿರುಗಿಸಿ ‘ಹ್ಯಾಂಡ್ ಲೋನ್’ ಎಂದು ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟದ ಈ ಇಂಗ್ಲಿಷ್ ಮಾತು ಕರ್ನಾಟಕದ ನ್ಯಾಯಾಲಯಗಳ ತೀರ್ಪುಗಳಲ್ಲಿ, ಅದರಲ್ಲಿಯೂ ಚೆಕ್ಕು ಮರಳಿಬಂದ ಮೊಕದ್ದಮೆಗಳಲ್ಲಿ, ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಥೆ ಸಾಮಾನ್ಯವಾಗಿ ಒಂದೇ: ಸ್ನೇಹಿತನಿಗೋ ನೆಂಟನಿಗೋ ಮಗಳ ಮದುವೆಗೆಂದು ಹ್ಯಾಂಡ್ ಲೋನ್ ಕೊಟ್ಟದ್ದು, ಅವನು ಮರಳಿಸುವುದಕ್ಕೆಂದು ಚೆಕ್ಕು ಕೊಟ್ಟದ್ದು, ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ಕು ಹಿಂದಕ್ಕೆ ಬಂದದ್ದು. ವಿನೋದವೆಂದರೆ, ಪ್ರಾಮಿಸರಿ ನೋಟು ಎಂದರೇನೆಂದು ಹೇಳುವ 4ನೆಯ ಕಲಮೂ, ಮರಳಿದ ಚೆಕ್ಕಿಗೆ ಶಿಕ್ಷೆ ಹೇಳುವ 138ನೆಯ ಕಲಮೂ ಒಂದೇ ಕಾನೂನಿನಲ್ಲಿವೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾನೂನು ಅದು. ಮೊದಲನೆಯದನ್ನು ಬರೆಸಿಕೊಳ್ಳಲು ಸಂಕೋಚಪಟ್ಟವನು ಎರಡನೆಯದನ್ನು ಹುಡುಕಿಕೊಂಡು ಬರುತ್ತಾನೆ. ಬರವಣಿಗೆಯಿಲ್ಲದ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯೂ ಇರುವುದರಿಂದ, ‘ಇರಲಿ, ಕೊಟ್ಟಾಗ ಕೊಡಲಿ’ ಎನ್ನುವ ದೊಡ್ಡ ಮನಸ್ಸಿನ ಗೃಹಸ್ಥನು ಈ ಎರಡು ಕೈಗಳ ವ್ಯತ್ಯಾಸವನ್ನು ನಿಘಂಟಿನಲ್ಲಿ ಕಲಿಯುವುದೇ ಲೇಸು; ನ್ಯಾಯಾಲಯದಲ್ಲಿ ಕಲಿತರೆ ದುಬಾರಿ.

ಸಹಿ ಮಾಡಿದ ಕೈಯೇ ‘ಇದು ನನ್ನದಲ್ಲ’ ಎಂದರೆ? ಈ ಪ್ರಶ್ನೆಗೆ ಉತ್ತರ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1858ರ ಜುಲೈ ತಿಂಗಳಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆಗೆ ಬೇಕಾದ ಕಂಕರಿನ ಸರಬರಾಜಿಗಾಗಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡನು. ಮುಂದೆ ಇವನು ತನ್ನ ಸಹಿಯನ್ನೇ ಅಲ್ಲಗಳೆದಾನೆಂದು ಹೆದರಿ, ಅವನ ಬಲಗೈಗೆ ಕಚೇರಿಯ ಮುದ್ರೆಯ ಮಸಿಯನ್ನು ಬಳಿದು, ಕರಾರುಪತ್ರದ ಬೆನ್ನಿನ ಮೇಲೆ ಇಡೀ ಅಂಗೈಯನ್ನು ಒತ್ತಿಸಿದನು. ‘ಅಂಡರ್ ಮೈ ಹ್ಯಾಂಡ್’ ಎಂಬ ವಕೀಲರ ಮಾತು ಆ ದಿನ ಅಕ್ಷರಶಃ ನಿಜವಾಯಿತು! ಹರ್ಷೆಲನು ಮೊದಲು ಬಯಸಿದ್ದು ಗುತ್ತಿಗೆದಾರನನ್ನು ಸ್ವಲ್ಪ ಹೆದರಿಸುವುದನ್ನು ಮಾತ್ರ. ಆದರೆ ಆ ರೇಖೆಗಳನ್ನು ನೋಡುತ್ತ ನೋಡುತ್ತ ಅವನಿಗೆ ಅದೇ ಹುಚ್ಚಾಯಿತು. ವರ್ಷಗಳ ಅಂತರದಲ್ಲಿ ಒಬ್ಬನದೇ ಬೆರಳಚ್ಚನ್ನು ಮತ್ತೆ ಮತ್ತೆ ತೆಗೆದು ಅದು ಬದಲಾಗುವುದಿಲ್ಲವೆಂದು ಕಂಡುಕೊಂಡನು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿ ಪಿಂಚಣಿದಾರರಿಂದಲೂ ಪತ್ರ ನೋಂದಾಯಿಸುವವರಿಂದಲೂ ಬೆರಳಚ್ಚು ತೆಗೆಯುವ ಕ್ರಮವನ್ನು ಜಾರಿಗೆ ತಂದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಈ ವಿದ್ಯೆ ತಲುಪಿದ್ದು ಅದಾದ ಮೇಲೆ, 1901ರಲ್ಲಿ. ಕಲ್ಕತ್ತೆಯ ಕಚೇರಿಯಲ್ಲಿ ವರ್ಗೀಕರಣದ ಲೆಕ್ಕವನ್ನು ಹೊಂದಿಸಿಕೊಟ್ಟ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರ ಹೆಸರುಗಳಿಗಿಂತ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರೇ ಹೆಚ್ಚು ಪ್ರಸಿದ್ಧವಾಯಿತು. ದುಡಿದ ಕೈ ಬೇರೆ, ಸಹಿ ಮಾಡಿದ ಕೈ ಬೇರೆ.

ಬರಹದ ಮಾತು ಬಂದಾಗ ‘ಶಾರ್ಟ್ ಹ್ಯಾಂಡ್’ ಅನ್ನು ಮರೆತರೆ ಒಂದು ತಲೆಮಾರೇ ಮುನಿಸಿಕೊಂಡೀತು. 1837ರಲ್ಲಿ ಐಸಾಕ್ ಪಿಟ್ಮನ್ ಪ್ರಕಟಿಸಿದ ಪದ್ಧತಿ ಬೆಂಗಳೂರು ಮೈಸೂರುಗಳ ಎಷ್ಟೋ ಕುಟುಂಬಗಳಿಗೆ ಅನ್ನ ಹಾಕಿದೆ. ಮೆಟ್ರಿಕ್ ಮುಗಿಸಿದ ಹುಡುಗ ಸಂಜೆಯ ಹೊತ್ತು ‘ಟೈಪಿಂಗು, ಶಾರ್ಟ್ ಹ್ಯಾಂಡು’ ಕಲಿಯಲು ಹೋಗುವುದು ಆ ದಿನಗಳಲ್ಲಿ ಉಪನಯನದಷ್ಟೇ ಖಚಿತವಾದ ಸಂಸ್ಕಾರವಾಗಿತ್ತು. ಮೊಟಕು ಕೈಯೆಂಬ ಪದಶಃ ಅರ್ಥವನ್ನು ಬಿಟ್ಟು ‘ಶೀಘ್ರಲಿಪಿ’ ಎಂದು ಹೆಸರಿಟ್ಟ ಪುಣ್ಯಾತ್ಮರು ಭಾಷಾಂತರವೆಂದರೇನೆಂಬುದನ್ನು ಬಲ್ಲವರು.

ಕೆಂಪು ಕೈ

ಲಂಚ ತೆಗೆದುಕೊಳ್ಳುತ್ತ ಸಿಕ್ಕಿಬಿದ್ದ ಅಧಿಕಾರಿಯ ಸುದ್ದಿಯಲ್ಲಿ ‘ರೆಡ್ ಹ್ಯಾಂಡ್ ಆಗಿ’ ಎಂಬ ಮಾತು ಕನ್ನಡ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ಈ ಕೆಂಪು ಮೂಲತಃ ರಕ್ತದ ಕೆಂಪು. ಕೊಲೆ ಮಾಡಿದವನು ಕೈ ತೊಳೆಯುವ ಮೊದಲೇ ಸಿಕ್ಕಿದರೆ ಹಳೆಯ ಸ್ಕಾಟ್‌ಲೆಂಡಿನ ನ್ಯಾಯದಲ್ಲಿ ಅದಕ್ಕೆ ‘ರೆಡ್ ಹ್ಯಾಂಡ್’ ಎಂದು ಹೆಸರು. ವಾಲ್ಟರ್ ಸ್ಕಾಟನು 1819ರ ಕೊನೆಯಲ್ಲಿ ಹೊರಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ಇದನ್ನು ‘ರೆಡ್ ಹ್ಯಾಂಡೆಡ್’ ಎಂಬ ರೂಪದಲ್ಲಿ ಬಳಸಿದ ಮೇಲೆ ಅದು ಎಲ್ಲೆಡೆ ಹರಡಿತು. ಕಾಲಕ್ರಮದಲ್ಲಿ ರಕ್ತವು ಆರಿಹೋಗಿ, ಕದ್ದವನೂ ಮೋಸಮಾಡಿದವನೂ ರೆಡ್ ಹ್ಯಾಂಡೆಡ್ ಆದನು; ಕೆಂಪು ಎಂಬುದು ಬರಿಯ ಅಲಂಕಾರವಾಗಿ ಉಳಿಯಿತು.

ಆ ಅಲಂಕಾರಕ್ಕೆ ಮರಳಿ ಬಣ್ಣ ಕೊಟ್ಟದ್ದು ರಸಾಯನಶಾಸ್ತ್ರ. ಲಂಚಕೋರನನ್ನು ಹಿಡಿಯಲು ಬಲೆ ಬೀಸುವಾಗ, ದೂರುದಾರನು ಕೊಡಬೇಕಾದ ನೋಟುಗಳಿಗೆ ಫಿನಾಲ್ಫ್ತಲೀನ್ ಎಂಬ ಬಿಳಿಯ ಪುಡಿಯನ್ನು ಮೊದಲೇ ಸವರಿರುತ್ತಾರೆ. ನೋಟುಗಳ ಸಂಖ್ಯೆಗಳನ್ನು ಪಂಚರ ಮುಂದೆ ಬರೆದುಕೊಂಡಿರುತ್ತಾರೆ. ಪುಡಿ ಕಣ್ಣಿಗೆ ಬೀಳುವುದಿಲ್ಲ. ಹಣ ಕೈಸೇರಿದೊಡನೆ ಸಂಕೇತ ದೊರೆತು ಅಧಿಕಾರಿಗಳು ಒಳನುಗ್ಗಿ, ಆಪಾದಿತನ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟು ಕರಗಿಸಿದ ನೀರಿನಲ್ಲಿ ಅದ್ದಿಸುತ್ತಾರೆ. ಕ್ಷಾರಗುಣದ ಆ ನೀರಿಗೆ ಪುಡಿ ಸೋಕಿದ ಕ್ಷಣವೇ ಅದು ಗುಲಾಬಿಗೆಂಪಾಗಿ ತಿರುಗುತ್ತದೆ. ಆ ನೀರನ್ನು ಸೀಸೆಯಲ್ಲಿ ತುಂಬಿ ಮೊಹರು ಮಾಡಿ ಪರೀಕ್ಷೆಗೆ ಕಳುಹಿಸುತ್ತಾರೆ. ಕರ್ನಾಟಕದ ಲೋಕಾಯುಕ್ತ ಪೊಲೀಸರ ದಾಳಿಗಳ ವರದಿಯಲ್ಲಿ ‘ರೆಡ್ ಹ್ಯಾಂಡ್’ ಎಂದು ಬರೆಯುವ ವರದಿಗಾರನು, ತಾನು ಅರಿಯದೆಯೇ, ಅಲಂಕಾರವನ್ನು ಬಿಟ್ಟು ವಸ್ತುಸ್ಥಿತಿಯನ್ನೇ ಹೇಳುತ್ತಿರುತ್ತಾನೆ. ಕೆಂಪು ನೀರೊಂದೇ ಶಿಕ್ಷೆಗೆ ಸಾಲದೆಂಬುದೂ, ಲಂಚವನ್ನು ಕೇಳಿದ್ದೂ ಸಿದ್ಧವಾಗಬೇಕೆಂಬುದೂ ಮೇಲಿನ ನ್ಯಾಯಾಲಯಗಳು ಅನೇಕ ಸಲ ಹೇಳಿರುವ ಮಾತು. ಅಂದಹಾಗೆ, ಅಲ್ಲಿಂದ ಮುಂದೆ ನಡೆಯುವ ‘ದಸ್ತಗಿರಿ’ ಎಂಬುದರ ಅಕ್ಷರಾರ್ಥವೂ ಕೈ ಹಿಡಿಯುವುದು ಎಂದೇ. ಮದುವೆಯ ಪಾಣಿಗ್ರಹಣಕ್ಕೂ ಇದಕ್ಕೂ ಅರ್ಥದಲ್ಲಿ ಭೇದವಿಲ್ಲವೆಂದು ಅನುಭವಿಗಳು ಹಾಸ್ಯ ಮಾಡಬಹುದು.

ಅಳತೆಯಲ್ಲಿ ಹ್ಯಾಂಡ್‌ನ ಪಾಲು ಚಿಕ್ಕದು. ಗಾಂಧಿ ಬಜಾರಿನ ಹೂವಾಡಗಿತ್ತಿಯ ಮೊಳ, ಮಕ್ಕಳ ಆಟದ ಗೇಣು ನಮಗೆ ಹೇಗೋ, ಇಂಗ್ಲಿಷಿನಲ್ಲಿ ಕುದುರೆಯ ಎತ್ತರಕ್ಕೆ ಹ್ಯಾಂಡ್ ಹಾಗೆ. ಮೊದಲು ಅಂಗೈಯ ಅಗಲವೇ ಅಳತೆಯಾಗಿದ್ದು, ಎಂಟನೆಯ ಹೆನ್ರಿಯ ಕಾಲದಲ್ಲಿ ಅದನ್ನು 4 ಅಂಗುಲವೆಂದು ಕಟ್ಟುಮಾಡಿದರು. ಕುದುರೆ ‘15.2 ಹ್ಯಾಂಡ್ಸ್’ ಎಂದರೆ ದಶಮಾಂಶವಲ್ಲ. 15 ಹ್ಯಾಂಡ್ ಮತ್ತು ಮೇಲೆ 2 ಅಂಗುಲ, ಒಟ್ಟು 62 ಅಂಗುಲ. ಗಡಿಯಾರದಲ್ಲಿಯೂ ಇಂಗ್ಲಿಷರಿಗೆ ಕೈಗಳಿವೆ. ಜರ್ಮನರಿಗೆ ಅದು ತೋರಿಸುವ ಕಡ್ಡಿ, ಫ್ರೆಂಚರಿಗೂ ಹಿಂದಿಯವರಿಗೂ ಸೂಜಿ, ಕನ್ನಡಿಗರಿಗೆ ಮುಳ್ಳು. ಕಾಲದ ಚುಚ್ಚುವಿಕೆಯನ್ನು ನಮ್ಮವರೇ ಹೆಚ್ಚು ಬಲ್ಲರೆಂದು ತೋರುತ್ತದೆ.

ನಂಬಿ ಕೆಟ್ಟವರು

ಇನ್ನು ಹಳ್ಳಗಳ ವಿಷಯ. ಇವುಗಳಲ್ಲಿ ಅತ್ಯಂತ ಆಳವಾದದ್ದು ‘ಗಿವ್ ಎ ಹ್ಯಾಂಡ್’. ಇಂಗ್ಲಿಷಿನಲ್ಲಿ ಇದು ನೆರವಾಗುವುದು. ಸಭೆಯಲ್ಲಾದರೆ ಚಪ್ಪಾಳೆ ತಟ್ಟುವುದು. ಕನ್ನಡದಲ್ಲಿ ‘ಕೈಕೊಡುವುದು’ ಎಂದರೆ ನಡುನೀರಿನಲ್ಲಿ ಬಿಟ್ಟುಹೋಗುವುದು. ‘ಕಷ್ಟಕಾಲದಲ್ಲಿ ನನ್ನ ಸೋದರಮಾವ ಕೈಕೊಟ್ಟರು’ ಎಂದು ಇಂಗ್ಲಿಷಿನ ನೆನಪಿನಲ್ಲಿ ಬರೆದವನು, ಹೊಗಳಲು ಹೋಗಿ ಸೋದರಮಾವನ ಮಾನ ಕಳೆದಿರುತ್ತಾನೆ. ಸ್ಕೂಟರು ಕೈಕೊಡುತ್ತದೆ, ಮಳೆ ಕೈಕೊಡುತ್ತದೆ, ಮಿತ್ರನೂ ಕೈಕೊಡುತ್ತಾನೆ. ನೆರವಾಗುವವನು ‘ಕೈಜೋಡಿಸುತ್ತಾನೆ’, ‘ಕೈ ಹಿಡಿಯುತ್ತಾನೆ’, ‘ಕೈ ನೀಡುತ್ತಾನೆ’. ಕೊಡುವುದಕ್ಕೂ ನೀಡುವುದಕ್ಕೂ ಬೇರೆಡೆಯಲ್ಲಿ ಅಷ್ಟೇನೂ ಅಂತರವಿಲ್ಲ. ಕೈಯ ಮುಂದೆ ಬಂದಾಗ ಮಾತ್ರ ಒಂದು ದ್ರೋಹ, ಇನ್ನೊಂದು ಉಪಕಾರ. ಇದನ್ನು ಯಾವ ವ್ಯಾಕರಣದ ಸೂತ್ರವೂ ಹೇಳಿಕೊಡುವುದಿಲ್ಲ.

‘ಹ್ಯಾಂಡ್ಸ್ ಡೌನ್’ ಗೆಲ್ಲುವುದೆಂದರೆ ಸುಲಭವಾಗಿ ಗೆಲ್ಲುವುದು. ಪಂದ್ಯದಲ್ಲಿ ಬಹಳ ಮುಂದಿರುವ ಸವಾರನು ಗುರಿ ಸಮೀಪಿಸುತ್ತಲೇ ಲಗಾಮು ಸಡಿಲಿಸಿ ಕೈಗಳನ್ನು ಕೆಳಗಿಳಿಸುತ್ತಾನಲ್ಲ, ಅದರಿಂದ ಬಂದ ಮಾತು. ನಮ್ಮಲ್ಲಿ ‘ಕೈಚೆಲ್ಲಿ’ ಕುಳಿತವನು ಸೋತವನು. ‘ಹ್ಯಾಂಡ್ ಟು ಮೌತ್’ ಬದುಕುವವನಿಗೆ ಅಂದಂದಿನ ಸಂಪಾದನೆ ಅಂದಂದಿಗೆ ಸರಿಹೋಗುತ್ತದೆ, ಉಳಿತಾಯವಿಲ್ಲ. ನಮ್ಮ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬುದು ಬೇರೆಯೇ ಸಂಕಟ. ‘ಔಟ್ ಆಫ್ ಹ್ಯಾಂಡ್’ ಎಂಬ ಮಾತಂತೂ ಇಂಗ್ಲಿಷಿನಲ್ಲಿಯೇ ಅಂಕೆ ತಪ್ಪಿದೆ. ಮೊದಲು ಅದಕ್ಕೆ ‘ತಕ್ಷಣವೇ’ ಎಂಬ ಅರ್ಥವಿತ್ತು. ಈಗ ಕೋರಿಕೆಯನ್ನು ‘ಔಟ್ ಆಫ್ ಹ್ಯಾಂಡ್’ ತಿರಸ್ಕರಿಸಿದರೆಂದರೆ ವಿಚಾರಿಸದೆ ತಳ್ಳಿಹಾಕಿದರೆಂದು. ಗುಂಪು ‘ಔಟ್ ಆಫ್ ಹ್ಯಾಂಡ್’ ಹೋಯಿತೆಂದರೆ ಹತೋಟಿ ಮೀರಿತೆಂದು. ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ‘ಕೈಮೀರಿತು’ ಎಂಬುದು ಸಲ್ಲುತ್ತದೆ.

‘ಕೈತೊಳೆದುಕೊಳ್ಳುವುದು’ ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ ರೂಪದಲ್ಲಿದೆ. ಇಂಗ್ಲಿಷಿನ ಮಾತು ಬೈಬಲಿನದು. ಏಸುವಿನ ಮರಣದಂಡನೆಯ ಹೊಣೆ ತನ್ನದಲ್ಲವೆಂದು ಪಿಲಾತನು ಜನರ ಮುಂದೆ ನೀರು ತರಿಸಿ ಕೈ ತೊಳೆದ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ. ಕನ್ನಡದಲ್ಲಿ ಈ ಮಾತಿಗೆ ಹೊಣೆ ಜಾರಿಸುವ ಅರ್ಥದ ಜತೆಗೆ ಕಳೆದುಕೊಳ್ಳುವ ಅರ್ಥವೂ ಉಂಟು: ಜೂಜಾಡಿ ಮನೆಮಠಕ್ಕೆ ಕೈತೊಳೆದುಕೊಂಡ ಎನ್ನುವುದಿಲ್ಲವೇ? ಆ ಬೈಬಲನ್ನು ಮೊದಲು ಕನ್ನಡಕ್ಕೆ ತರಲು ಬಹುಕಾಲ ದುಡಿದ ಪಾದ್ರಿ, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್. ಅವನ ಮನೆತನದ ಹೆಸರು ಏನೆಂದು ಊಹಿಸಿರಿ: ಹ್ಯಾಂಡ್ಸ್!

ವೇಷ ಮರೆಸಿಕೊಂಡ ಕೈ

ಕೆಲವು ಮಾತುಗಳಲ್ಲಿ ಹ್ಯಾಂಡ್ ಇದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಸುಂದರನಾದ ಗಂಡಸನ್ನು ‘ಹ್ಯಾಂಡ್‌ಸಮ್’ ಎನ್ನುತ್ತಾರೆ. ಸುಮಾರು ಆರು ನೂರು ವರ್ಷಗಳ ಹಿಂದೆ ಅದರ ಅರ್ಥ ಕೈಗೆ ಒಗ್ಗುವಂಥದು, ಬಳಸಲು ಸುಲಭವಾದದ್ದು ಎಂದು. ಒಳ್ಳೆಯ ಕುಡುಗೋಲಿಗೆ ಹೇಳುವ ಮಾತನ್ನು ಮದುಮಗನಿಗೆ ಹೇಳಿದಂತಾಯಿತು. ಹೆಣ್ಣುಹೆತ್ತವರು ಎರಡೂ ಅರ್ಥಗಳನ್ನು ಒಟ್ಟಿಗೆ ಹಾರೈಸಿದರೆ ತಪ್ಪಿಲ್ಲ.

‘ಹ್ಯಾಂಡಿಕ್ಯಾಪ್’ ಎಂಬುದರ ಕಥೆ ಹೀಗೆ ನಗೆಯಲ್ಲಿ ಮುಗಿಯುವುದಿಲ್ಲ. ಅಂಗವಿಕಲರಾದ ಭಿಕ್ಷುಕರು ಟೋಪಿಯನ್ನು ಕೈಯಲ್ಲಿ ಹಿಡಿದು ಬೇಡುತ್ತಿದ್ದುದರಿಂದ ಈ ಮಾತು ಬಂತೆಂದು ಅನೇಕರು ನಂಬಿದ್ದಾರೆ, ಅದು ಸುಳ್ಳು. ಇದು ಹದಿನೇಳನೆಯ ಶತಮಾನದ ಒಂದು ವಿನಿಮಯದ ಆಟ. ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಲು ಬಯಸಿದಾಗ, ಕಡಮೆ ಬೆಲೆಯದಕ್ಕೆ ಮೇಲೆ ಎಷ್ಟು ಸೇರಿಸಬೇಕೆಂದು ಮಧ್ಯಸ್ಥನೊಬ್ಬ ಹೇಳುವನು. ಎಲ್ಲರೂ ಟೋಪಿಯಲ್ಲಿ ಪಣದ ಹಣವಿಟ್ಟು, ಆ ಇಬ್ಬರೂ ಒಳಗೆ ಕೈಹಾಕಿ ತೆಗೆದು ತಮ್ಮ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತೋರಿಸುವರು. ‘ಹ್ಯಾಂಡ್ ಇನ್ ಕ್ಯಾಪ್’, ಟೋಪಿಯಲ್ಲಿ ಕೈ. ಸ್ಯಾಮ್ಯುಯೆಲ್ ಪೆಪಿಸ್ ತನ್ನ ದಿನಚರಿಯಲ್ಲಿ 1660ರ ಸೆಪ್ಟೆಂಬರ್ 18ರಂದು ತಾನು ಇದುವರೆಗೆ ಕಾಣದಿದ್ದ ಈ ಆಟವನ್ನು ಆಡಿದ್ದಾಗಿ ಬರೆದಿದ್ದಾನೆ. ಮುಂದೆ ಕುದುರೆಪಂದ್ಯದವರು ಇದನ್ನು ಎತ್ತಿಕೊಂಡರು: ಉತ್ತಮವಾದ ಕುದುರೆಗೆ ಹೆಚ್ಚು ಭಾರ ಹೇರಿ ಉಳಿದವುಗಳಿಗೆ ಸಮಮಾಡುವುದು ಹ್ಯಾಂಡಿಕ್ಯಾಪ್ ಆಯಿತು. ಗಮನಿಸಬೇಕು, ಭಾರ ಬೀಳುತ್ತಿದ್ದುದು ಬಲ್ಲಿದನ ಮೇಲೆ. ಆ ‘ಭಾರ’ ಎಂಬ ಅಂಶವೊಂದೇ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ಈ ಮಾತನ್ನು ಅಂಗವೈಕಲ್ಯವುಳ್ಳ ಮನುಷ್ಯರಿಗೆ ಅಂಟಿಸಿದರು. ಸುಳ್ಳು ಕಥೆ ಹುಟ್ಟಿದ್ದು ಆಮೇಲೆ. ಆದರೆ ಅದರ ನೋವು ನಿಜವಾದುದರಿಂದ ಹಲವು ದೇಶಗಳಲ್ಲಿ ಈ ಮಾತನ್ನು ಮನುಷ್ಯರ ವಿಷಯದಲ್ಲಿ ಕೈಬಿಟ್ಟಿದ್ದಾರೆ. ಭಾರತದ 2016ರ ಕಾನೂನಿನ ಹೆಸರಿನಲ್ಲಿಯೂ ಅದಿಲ್ಲ. ಮಾತಿನ ವ್ಯುತ್ಪತ್ತಿ ನಿರ್ದೋಷಿಯೆಂದು ಪಂಡಿತರು ತೀರ್ಪು ಕೊಟ್ಟರೂ, ಆ ಹೆಸರಿನಿಂದ ಕರೆಯಿಸಿಕೊಂಡವರ ತೀರ್ಪೇ ಮೇಲು.

‘ಹ್ಯಾಂಡ್‌ಕರ್ಚೀಫ್’ನದು ಹಗುರವಾದ ಪ್ರಸಂಗ. ಫ್ರೆಂಚಿನ ಮೂಲದಲ್ಲಿ ಕರ್ಚೀಫ್ ಎಂದರೆ ತಲೆಯನ್ನು ಮುಚ್ಚುವ ವಸ್ತ್ರ. ಅದನ್ನು ಕೈಯಲ್ಲಿ ಹಿಡಿಯತೊಡಗಿದಾಗ ‘ಕೈಯ ತಲೆವಸ್ತ್ರ’ ಆಯಿತು. ಜೇಬಿಗೆ ಸೇರಿದಾಗ ‘ಜೇಬಿನ ಕೈಯ ತಲೆವಸ್ತ್ರ’. ಕನ್ನಡಿಗರು ಮುಂದಿನ ಹ್ಯಾಂಡನ್ನು ಕತ್ತರಿಸಿಹಾಕಿ ‘ಕರ್ಚೀಫು’ ಎಂದು ಬರಿಯ ತಲೆವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಾರೆ. ಆದರೂ ಹೋದ ಕೈ ಪೂರ್ತಿ ಹೋಗಿಲ್ಲ. ‘ಕರವಸ್ತ್ರ’ವನ್ನು ಬಲ್ಲ ಕಿವಿಗೆ ಕರ್ಚೀಫಿನ ಮೊದಲ ಅಕ್ಷರಗಳಲ್ಲಿ ಸಂಸ್ಕೃತದ ಕರವೇ ಕೇಳಿಸುತ್ತದೆ!

ಲ್ಯಾಟಿನ್ನಿನ ‘ಮಾನುಸ್’ ಹೊತ್ತುತಂದ ಮಾತುಗಳು ಇನ್ನೊಂದು ಲೇಖನಕ್ಕಾಗುವಷ್ಟಿವೆ. ಯಂತ್ರವೇ ಮಾಡಿದರೂ ‘ಮ್ಯಾನುಫ್ಯಾಕ್ಚರ್’ ಎಂದರೆ ಕೈಯಿಂದ ಮಾಡಿದ್ದು ಎಂದೇ. ಗ್ರೀಕಿನ ಕಡೆಯಿಂದ ಬಂದ ‘ಸರ್ಜನ್’ ಎಂಬುದೂ ಮೂಲತಃ ಕೈಯಿಂದ ಕೆಲಸ ಮಾಡುವವನು. ಮದ್ದು ಕೊಡುವ ವೈದ್ಯನಿಂದ ಅವನನ್ನು ಬೇರ್ಪಡಿಸಿದ್ದು ಅವನ ಕೈ. ಇಲ್ಲಿ ಕನ್ನಡದ ಬಳಿ ಇಂಗ್ಲಿಷಿಗಿಲ್ಲದ ಒಂದು ಮಾತಿದೆ. ಕಿಟ್ಟೆಲ್ ಪಂಡಿತರು 1894ರ ತಮ್ಮ ದೊಡ್ಡ ನಿಘಂಟಿನಲ್ಲಿ ಕೈಯ ಹಿಂದೆಮುಂದೆ ಕೂಡಿದ ಮಾತುಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದಾರೆ. ಅವುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಬಹುದು. ಆದರೆ ‘ಕೈಗುಣ’ವನ್ನು ಏನೆಂದು ತಿರುಗಿಸುವುದು? ಅದೇ ಔಷಧಿ, ಅದೇ ಪದವಿ, ಅದೇ ಬೀದಿ. ಆದರೂ ಜ್ವರ ಹಿಡಿದ ಮಗುವನ್ನು ಎತ್ತಿಕೊಂಡು ಮೊದಲನೆಯ ಚಿಕಿತ್ಸಾಲಯವನ್ನು ದಾಟಿ ಎರಡನೆಯದಕ್ಕೆ ನಡೆಯುವ ಅಜ್ಜಿಯನ್ನು ಕೇಳಿದರೆ, ‘ಇವರ ಕೈಗುಣ ಚೆನ್ನಾಗಿದೆ’ ಎನ್ನುತ್ತಾಳೆ. ಉಪ್ಪಿನಕಾಯಿ ಕೆಡದಂತೆ ಹಾಕುವವಳಿಗೂ, ನೆಟ್ಟ ಗಿಡವೆಲ್ಲ ಚಿಗುರುವವನಿಗೂ ಇದೇ ಮಾತು. ಗಿಡದ ಮಟ್ಟಿಗೆ ಇಂಗ್ಲಿಷಿನಲ್ಲಿ ‘ಹಸಿರು ಬೆರಳು’ ಎಂಬುದೊಂದಿದೆ. ವೈದ್ಯನಿಗೂ ಉಪ್ಪಿನಕಾಯಿಗೂ ಏನೂ ಇಲ್ಲ. ಅಜ್ಜಿಯ ಮಾತನ್ನು ಪರದೇಶದ ಸೊಸೆಗೆ ವಿವರಿಸಬೇಕಾದ ಮೊಮ್ಮಗನು ಎರಡು ಮೂರು ವಾಕ್ಯಗಳನ್ನೇ ಬಳಸಬೇಕಾಗುತ್ತದೆ.